ಅಳಿಸಿಹೋದ ಬಿಲ್ಲುಗಳು

ರಿಯಾಯಿತಿ ಕೂಪನ್ ಕತ್ತರಿಸಿ ಇಟ್ಟುಕೊಳ್ಳುವವರನ್ನು ಕಂಡು ನಗುವ ಜನ ಎಲ್ಲ ಊರಿನಲ್ಲೂ ಇರುತ್ತಾರೆ. ನಗುವುದಿದ್ದರೆ ಈಗಲೇ ನಕ್ಕು ಮುಗಿಸಿಬಿಡಿ, ಮಕ್ಕಳೇ. ಕಥೆ ಕೇಳಿದ ಮೇಲೆ ನಗು ಬರುವುದಿಲ್ಲ.

ಹಿರಿಯೂರಿನಲ್ಲಿ ಸರ್ವಮಂಗಳ ಎಂಬ ಹೆಂಗಸು ಇದ್ದಳು. ಅಂಗನವಾಡಿಯಲ್ಲಿ ಸಹಾಯಕಿ. ಅವಳ ಅತ್ತೆ ತಿಪ್ಪಮ್ಮನಿಗೆ ಪೇಪರಿನಲ್ಲಿ ಬರುವ ಕೂಪನ್ ಕತ್ತರಿಸುವುದೇ ಬೆಳಗಿನ ಕೆಲಸ. ಸೋಪಿಗೆ ಐದು ರೂಪಾಯಿ, ಎಣ್ಣೆಗೆ ಹತ್ತು ರೂಪಾಯಿ, ಒಂದನ್ನೂ ಬಿಡುತ್ತಿರಲಿಲ್ಲ. ಆದರೆ ಆ ಮನೆಯಲ್ಲಿ ಒಂದು ಕಟ್ಟುನಿಟ್ಟು ಇತ್ತು. ಚೀಟಿಯಲ್ಲಿ ಬರೆಯದ ಸಾಮಾನು ಚೀಲಕ್ಕೆ ಬೀಳುವಂತಿಲ್ಲ. ಎಷ್ಟೇ ಅಗ್ಗವಾದರೂ ಬೇಡದ್ದು ದುಬಾರಿಯೇ ಎನ್ನುತ್ತಿದ್ದಳು ತಿಪ್ಪಮ್ಮ. ನನ್ನನ್ನು ಕೇಳಿದರೆ, ದೊಡ್ಡ ಓದು ಓದಿದ ಎಷ್ಟೋ ಜನಕ್ಕೆ ಇಷ್ಟು ಬುದ್ಧಿ ಇರುವುದಿಲ್ಲ.

ಒಂದು ವರ್ಷ ತಿಪ್ಪಮ್ಮನ ಕಣ್ಣು ಮಂಜಾಯಿತು. ಕೂಪನ್ ಕತ್ತರಿಸಲು ಹೋಗಿ ಅದನ್ನೇ ಎರಡು ತುಂಡು ಮಾಡಿಬಿಡುತ್ತಿದ್ದಳು. ಕನ್ನಡಕದ ಅಂಗಡಿಯವನು ಹದಿನಾಲ್ಕು ನೂರು ರೂಪಾಯಿ ಎಂದ. "ಸಾಯೋ ವಯಸ್ಸಲ್ಲಿ ನಂಗ್ಯಾಕವ್ವ ಅಷ್ಟು ದುಡ್ಡಿನ ಕನ್ನಡಕ" ಎಂದು ಮುದುಕಿ ಎದ್ದು ಬಂದಳು. ಸರ್ವಮಂಗಳ ಮಾತ್ರ ಕೊಡಿಸಿಯೇ ತೀರುತ್ತೇನೆಂದು ಮನಸ್ಸಿನಲ್ಲೇ ಹಟ ಹಿಡಿದಳು.

ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಆಗ ಒಂದು ಬೋರ್ಡು ಹಾಕಿದ್ದರು. ತಿಂಗಳಿಗೆ ಎರಡು ಸಾವಿರಕ್ಕೆ ಕಡಿಮೆಯಿಲ್ಲದಂತೆ ಹನ್ನೆರಡು ತಿಂಗಳು ಬಿಡದೆ ದಿನಸಿ ಕೊಂಡು, ಅಷ್ಟೂ ಬಿಲ್ಲು ತೋರಿಸಿದವರಿಗೆ ಹದಿನೈದು ನೂರು ರೂಪಾಯಿ ವಾಪಸ್. ಮನೆಯ ಅಕ್ಕಿ, ಬೇಳೆ, ಎಣ್ಣೆಗೆ ಹೇಗೂ ಅಷ್ಟು ಖರ್ಚಾಗುತ್ತಿತ್ತು. ಸರ್ವಮಂಗಳ ಒಂದು ತಿಂಗಳೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ ಹೋದಳು. ಪ್ರತಿ ಬಿಲ್ಲನ್ನೂ ಮಡಚಿ ಪಡಿತರ ಚೀಟಿಯ ಪ್ಲಾಸ್ಟಿಕ್ ಕವರಿನೊಳಗೆ ಸೇರಿಸಿ, ದೇವರ ಗೂಡಿನಲ್ಲಿ ಲಕ್ಷ್ಮಿಯ ಪಟದ ಹಿಂದೆ ಇಟ್ಟಳು. ನೀರು ತಾಗಬಾರದು, ಜಿರಳೆ ಮುಟ್ಟಬಾರದು ಎಂದು.

ಆ ಜೋಪಾನವೇ ಮುಳುವಾಯಿತು. ಯಂತ್ರದಿಂದ ಬರುವ ಆ ನುಣುಪು ಕಾಗದಕ್ಕೆ ಪ್ಲಾಸ್ಟಿಕ್ ಆಗಿಬರುವುದಿಲ್ಲವೆಂದು ಅವಳಿಗೆ ಯಾರು ಹೇಳಬೇಕು? ಕೊನೆಯ ತಿಂಗಳ ಸಾಮಾನು ತಂದ ದಿನ ಕವರು ಬಿಚ್ಚಿ ನೋಡಿದರೆ, ಹೊಸ ಬಿಲ್ಲೊಂದನ್ನು ಬಿಟ್ಟು ಉಳಿದವೆಲ್ಲ ಬೋಳು ಬಿಳಿ. ಒಂದಕ್ಷರ ಉಳಿದಿರಲಿಲ್ಲ. ಅವಳಿಗೆ ಅಳು ಬಂತು, ಅತ್ತಳು. ಮರುದಿನ ಅಂಗನವಾಡಿ ಮುಗಿಸಿಕೊಂಡು, ಆ ಬಿಳಿ ಕಾಗದಗಳನ್ನೇ ಹಿಡಿದು ಅಂಗಡಿಗೆ ಹೊರಟಳು.

ಮ್ಯಾನೇಜರ್ ಜಯದೇವ ಕಾಗದಗಳನ್ನು ಅತ್ತಿತ್ತ ತಿರುಗಿಸಿ ನೋಡಿದ.

"ಇದ್ರಲ್ಲಿ ಏನೂ ಇಲ್ವಲ್ಲಮ್ಮ. ಖಾಲಿ ಕಾಗದಕ್ಕೆ ದುಡ್ಡು ಕೊಡೋಕಾಗುತ್ತಾ?"

"ಬರೆದುಕೊಟ್ಟೋರು ನೀವು. ಅಳಿಸಿಹೋಗೋ ಶಾಯೀಲಿ ಬರೆದ್ರೆ ನನ್ ತಪ್ಪಾ?"

ಹಿಂದೆ ಸಾಲು ಬೆಳೆಯುತ್ತಿತ್ತು. "ಬಿಡಮ್ಮ, ನಮಗೆ ಹೊತ್ತಾಗ್ತೈತೆ" ಎಂದು ಯಾರೋ ಗೊಣಗಿದರು. ಜಯದೇವ ಮೇಜಿನ ಕೆಳಗಿಂದ ಒಂದು ಕೆಂಪು ಪ್ಲಾಸ್ಟಿಕ್ ಟಬ್ಬು ತೆಗೆದು ಮುಂದಿಟ್ಟ.

"ಬೆಳಿಗ್ಗೆಯಿಂದ ಆರು ಜನ ಹಿಂಗೇ ಬಂದಿದ್ರು. ಎಲ್ಲರಿಗೂ ಇದನ್ನೇ ಕೊಟ್ಟು, ಹೆಸರು ಬರ್ಕೊಂಡು ಕಳಿಸಿದೆ. ಪಾಪ ಅಂತ ಕೊಡ್ತಿದೀನಿ, ತಗೊಂಡು ಹೋಗಿ."

ಟಬ್ಬು ಚೆನ್ನಾಗಿಯೇ ಇತ್ತು. ಮನೆಯಲ್ಲಿದ್ದದ್ದು ಸೀಳು ಬಿಟ್ಟಿತ್ತು. ಅದನ್ನು ಎತ್ತಿಕೊಂಡಿದ್ದರೆ ಜಗಳವಿಲ್ಲದೆ ಮನೆ ಸೇರಬಹುದಿತ್ತು. ಆದರೆ ಮೂಗಿಗೆ ತುಪ್ಪ ಸವರುವುದು ಎಂದರೇನೆಂದು ಸರ್ವಮಂಗಳಳಿಗೆ ಗೊತ್ತಿತ್ತು. ಟಬ್ಬನ್ನು ಅವನತ್ತಲೇ ತಳ್ಳಿದಳು.

"ಪಾಪ ಅಂತ ಕೊಡೋದು ನಂಗೆ ಬೇಡಪ್ಪ. ಬೋರ್ಡು ಹಾಕಿ ಕರೆದೋರು ನೀವು, ವರ್ಷಪೂರ್ತಿ ಬಂದೋಳು ನಾನು. ಪ್ರತಿ ಸಲ ಬಿಲ್ ಹಾಕೋ ಮುಂಚೆ ನನ್ ಫೋನ್ ನಂಬರ್ ಕೇಳ್ತಿದ್ರಲ್ಲ, ಯಾಕೆ?"

"ಅದು ಕಂಪ್ಯೂಟರಿಗಮ್ಮ."

"ಆಫರ್ ಐತೆ ಬಾ ಅಂತ ದಿನಾ ಮೆಸೇಜ್ ಕಳಿಸೋವಾಗ ನಾನು ಯಾರು ಅಂತ ನಿಮ್ ಕಂಪ್ಯೂಟರಿಗೆ ಗೊತ್ತಿರ್ತೈತೆ. ದುಡ್ಡು ಕೊಡೋವಾಗ ಮರೆತುಹೋಗ್ತೈತಾ? ಅದರೊಳಗೆ ನೋಡಪ್ಪ. ನೋಡೋವರ್ಗೂ ನಾನು ಇಲ್ಲಿಂದ ಕದಲಲ್ಲ."

ಜಯದೇವ ನಿಯಮ ಎಂದ, ಹೆಡ್ ಆಫೀಸ್ ಎಂದ. ಅವಳು ಕದಲಲಿಲ್ಲ. ಸಾಲು ಬಾಗಿಲು ಮುಟ್ಟಿತು. ಮೊದಲು ಗೊಣಗಿದ್ದವರೇ ಈಗ, "ನೋಡಿದ್ರೆ ನಿಮ್ಮ ಗಂಟೇನು ಹೋಗ್ತೈತ್ರಿ?" ಎಂದರು. ಕಡೆಗೆ ಅವನು ನಂಬರ್ ಒತ್ತಿದ. ಹನ್ನೆರಡು ತಿಂಗಳ ಲೆಕ್ಕವೂ ತಾರೀಖಿನ ಸಮೇತ ಎದುರಿಗೆ ಬಂದು ನಿಂತಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಜಯದೇವ ಹದಿನೈದು ನೂರು ಎಣಿಸಿ ಕೊಟ್ಟ.

ಇಷ್ಟಕ್ಕೇ ಮನೆಗೆ ಹೋಗಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ಸರ್ವಮಂಗಳ ದುಡ್ಡನ್ನು ಸೆರಗಿಗೆ ಗಂಟು ಹಾಕಿಕೊಂಡು ಅಲ್ಲೇ ನಿಂತಳು.

"ಇನ್ನೇನಮ್ಮ?" ಎಂದ ಜಯದೇವ.

"ಬೆಳಿಗ್ಗೆ ಟಬ್ಬು ಹಿಡ್ಕೊಂಡು ಹೋದ್ರಲ್ಲ ಆರು ಜನ, ಅವರ ಹೆಸರು ಬರ್ಕೊಂಡಿದೀಯ, ನಂಬರೂ ನಿಮ್ ಕಂಪ್ಯೂಟರಲ್ಲೇ ಐತೆ. ಒಬ್ಬೊಬ್ಬರದೂ ಲೆಕ್ಕ ನೋಡಿ, ಬಂದು ದುಡ್ಡು ತಗೊಂಡು ಹೋಗ್ರಿ ಅಂತ ಫೋನ್ ಮಾಡು."

ಜಯದೇವ ಸಾಲಿನ ಕಡೆ ನೋಡಿದ. ಈ ಸಲ ಹೊತ್ತಾಯಿತು ಎಂದು ಯಾರೂ ಹೇಳಲಿಲ್ಲ. ಅವನು ಫೋನ್ ಎತ್ತಿದ. ಕನ್ನಡಕದ ಅಂಗಡಿ ಮುಚ್ಚುವ ಹೊತ್ತಾಗುತ್ತಿತ್ತು. ಆದರೂ ಸರ್ವಮಂಗಳ ಆರನೆಯ ಫೋನ್ ಮುಗಿಯುವವರೆಗೆ ನಿಂತಿದ್ದು, ಆಮೇಲೆಯೇ ಅತ್ತ ಬಿರಬಿರನೆ ನಡೆದಳು.

ನೀತಿ: ಕೊಟ್ಟ ಮಾತಿನಂತೆ ಬರಬೇಕಾದ ರಿಯಾಯಿತಿ ಭಿಕ್ಷೆಯಲ್ಲ, ಅದು ನಿಮ್ಮದೇ ದುಡ್ಡು. ಕೇಳಲು ನಾಚಬೇಡಿ, ಅದರ ಬದಲು ಕೊಡುವ ಕನಿಕರಕ್ಕೆ ಕೈಯೊಡ್ಡಬೇಡಿ. ನಿಮ್ಮದು ಸಿಕ್ಕಿದ ಮೇಲೆ, ಕೇಳದೆ ಹೋದವರದ್ದನ್ನೂ ಕೇಳಿ.