ಗುಡ್ಡದ ಮೇಲಿನ ನಾತ

ಒಂದು ಕುರುಚಲು ಕಾಡಿನಲ್ಲಿ ಕರಿಯವ್ವ ಎಂಬ ಕತ್ತೆಕಿರುಬ ಇದ್ದಳು. ವಯಸ್ಸಾಗಿತ್ತು, ಕಾಲು ಸೋತಿತ್ತು. ಆದರೆ ಗುಹೆಯಲ್ಲಿ ಎರಡು ಮರಿಗಳು ಹಸಿದು ಕೂತಿದ್ದವಲ್ಲ, ಅಲೆಯದೆ ವಿಧಿಯಿರಲಿಲ್ಲ. ದಣಿವಾಯಿತು ಅಂತ ಕೂರುವ ಪುಣ್ಯ ಹೆತ್ತವಳಿಗೆ ಎಲ್ಲಿಂದ ಬರಬೇಕು?

ಮೊದಲ ಮಳೆ ಬಿದ್ದ ಮಾರನೆಯ ಬೆಳಿಗ್ಗೆ, ಚಿರತೆ ತಿಂದು ಬಿಟ್ಟ ಹಂದಿಯ ತೊಡೆಯೊಂದು ಹಳ್ಳದ ದಂಡೆಯಲ್ಲಿ ಅವಳ ಕಣ್ಣಿಗೆ ಬಿತ್ತು. ಆ ಕಾಡಿನಲ್ಲೊಂದು ಕಟ್ಟಳೆ ಇತ್ತು. ಮಾಂಸದ ವಾಸನೆ ಹಿಡಿದವರು ಕೂಗಿ ಕರೆಯಬೇಕು, ಬಂದವರಿಗೂ ಸಮಪಾಲು ಕೊಡಬೇಕು. ಅರ್ಧ ತೊಡೆ ಮರಿಗಳ ಹೊಟ್ಟೆಯ ಯಾವ ಮೂಲೆಗೂ ಸಾಲದು ಎಂದು ಕರಿಯವ್ವನಿಗೆ ಗೊತ್ತಿತ್ತು. ಆದರೂ ಕೂಗಿದಳು. ಕೂಗಿದ್ದೇ ತಡ, ನರಿ ಓಡಿ ಬಂತು.

"ಏನಕ್ಕಾ, ಇಷ್ಟೇನಾ?"

"ಇರುವುದೇ ಇಷ್ಟು ತಮ್ಮಾ. ಬೇಗ ಪಾಲು ಮಾಡು, ನನಗೆ ನಿಲ್ಲಲೂ ಆಗುತ್ತಿಲ್ಲ."

ಅಷ್ಟರಲ್ಲಿ ಗಾಳಿ ತಿರುಗಿತು. ಗುಡ್ಡದ ಕಡೆಯಿಂದ ಕೊಳೆತ ಮಾಂಸದ ನಾತ ಗಪ್ಪೆಂದು ಬಂತು. ನರಿಯ ಮೂಗು ಅರಳಿತು. ಕಾಡೆಮ್ಮೆಯೇ ಸತ್ತು ಬಿದ್ದಿರಬೇಕು ಎಂದು ಮನಸ್ಸಿನಲ್ಲೇ ಮಂಡಿಗೆ ತಿಂದಿತು.

"ಏನೋ ವಾಸನೆ ಬರುತ್ತಿದೆಯಲ್ಲ, ಅದು..." ಎಂದು ಕರಿಯವ್ವ ಬಾಯಿ ತೆರೆದಳು.

"ಎಲ್ಲಿಯ ವಾಸನೆ? ನಿನಗೆ ಅರಳುಮರಳು," ಎಂದು ನರಿ ತಡೆಯಿತು. "ಅಂದಹಾಗೆ, ಇವತ್ತು ನನಗೆ ಉಪವಾಸ. ಮರೆತೇ ಹೋಗಿತ್ತು ನೋಡು. ತೊಡೆ ಪೂರ್ತಿ ನೀನೇ ಒಯ್ಯಿ. ಪಾಪ, ಮರಿಗಳು ಕಾಯುತ್ತಿರುತ್ತವೆ."

"ನಿಜವಾಗಿಯೂ ಬೇಡವೇನೋ?"

"ಬೇಡ ಅಂದರೆ ಬೇಡ ಅಕ್ಕಾ."

ಕರಿಯವ್ವ ಅದರ ಮುಖವನ್ನೇ ನೋಡಿದಳು. ಪ್ರತಿ ಮುಂಗಾರಿಗೂ ಬರುವ ಆ ನಾತ ಅವಳಿಗೆ ಹೊಸದಲ್ಲ. ಬಿಡಿಸಿ ಹೇಳೋಣವೆಂದರೆ ಕೇಳುವ ಕಿವಿ ಬೇಕಲ್ಲ. ವಾದ ಮಾಡುವ ತ್ರಾಣವೂ ಅವಳಿಗಿರಲಿಲ್ಲ. ತೊಡೆ ಕಚ್ಚಿಕೊಂಡು, ಕಾಲೆಳೆಯುತ್ತ ಗುಹೆಯ ದಾರಿ ಹಿಡಿದಳು.

ನರಿ ಗುಡ್ಡಕ್ಕೆ ಓಡಿತು. ಅಲ್ಲಿ ಬರಿನೆಲದಿಂದ ಕಡುಗೆಂಪು ಮುದ್ದೆಯೊಂದು ಎದ್ದು ನಿಂತಿತ್ತು. ಅದಕ್ಕೆ ನೊಣಗಳು ಮುತ್ತಿದ್ದವು. ನರಿ ಹಿಂದೆಮುಂದೆ ನೋಡದೆ ಬಾಯಿ ಹಾಕಿತು. ಅದು ಮಾಂಸವೇ ಅಲ್ಲ, ಕಾಡು ಸುವರ್ಣಗೆಡ್ಡೆಯ ಹೂವು. ಎಲೆ ಮೂಡುವ ಮೊದಲೇ ನೆಲದಿಂದ ಏಳುವ ಹೂವು ಅದು. ಎಲ್ಲ ಹೂವೂ ಘಮಘಮಿಸಿ ಜೇನನ್ನು ಕರೆದರೆ, ಇದು ಹೆಣದಂತೆ ನಾರಿ ನೊಣ, ಜೀರುಂಡೆಗಳನ್ನು ಕರೆಯುತ್ತದೆ. ಕಚ್ಚಿದವರ ಬಾಯಿ ತುರಿಸದೆ ಬಿಟ್ಟೀತೇ? ನರಿಯ ನಾಲಿಗೆ ಊದಿತು, ಗಂಟಲು ಕೆರೆಯಿತು.

ಸಂಜೆ ನರಿ ಜೊಲ್ಲು ಸುರಿಸುತ್ತ ಕರಿಯವ್ವನ ಗುಹೆಗೆ ಬಂತು. ಒಳಗೆ ಮರಿಗಳು ಹೊಟ್ಟೆ ತುಂಬಿ ಮಲಗಿದ್ದವು. ಹತ್ತಿರದಲ್ಲಿ ಬರೀ ಮೂಳೆ ಬಿದ್ದಿತ್ತು.

"ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅಕ್ಕಾ?" ಎಂದು ತೊದಲಿತು.

"ಹೇಳಹೊರಟೆ. ವಾಸನೆಯೇ ಇಲ್ಲ ಅಂದವನು ನೀನು," ಎಂದಳು ಕರಿಯವ್ವ, ತಲೆ ಎತ್ತದೆ. "ಕಟ್ಟಳೆಯಂತೆ ಒಂದು ಕೂಗು ಹಾಕಿದ್ದರೆ ಈ ಸೋತ ಕಾಲಲ್ಲೇ ಬಂದು, ಅದು ಹೂವು ಕಣೋ, ಮುಟ್ಟಬೇಡ ಅನ್ನುತ್ತಿದ್ದೆ. ಈಗ ಹೋಗಪ್ಪ. ನಾನು ಸ್ವಲ್ಪ ಮಲಗಬೇಕು."

ನೀತಿ: ಸಿಕ್ಕಿದ್ದನ್ನು ಒಬ್ಬನೇ ನುಂಗಬೇಕೆಂದು ಬಚ್ಚಿಡುವವನಿಗೆ ತಪ್ಪು ತಿದ್ದುವವರೂ ಇಲ್ಲವಾಗುತ್ತಾರೆ.