ಮೂಸೆಯ ತಳ ಸೇರಿದ ತುಂಡು

“ಗುರುಗಳೇ, ಯಾರ ಹೆಸರೂ ಬಿಟ್ಟುಹೋಗದ ಹಾಗೆ ಕೃತಜ್ಞತೆ ಹೇಳುವುದು ಹೇಗೆ?” ಎಂದು ಶಿಷ್ಯ ಮುರಿಗೆಪ್ಪ ಕೇಳಿದ.

ಮರುದಿನ ಮಠದ ಸಮಾರಂಭದಲ್ಲಿ ವಂದನಾರ್ಪಣೆ ಅವನ ಪಾಲಿಗೆ ಬಂದಿತ್ತು. ಕೈಯಲ್ಲಿ ನಲವತ್ತೆರಡು ಹೆಸರುಗಳ ಪಟ್ಟಿ ಇತ್ತು. ಹಾರ ಕೊಟ್ಟವರ ಹೆಸರು ಎರಡು ಸಲ ಬಂದಿತ್ತು, ಏಕೆಂದರೆ ಅವರು ಎರಡು ಸಲ ನೆನಪಿಸಿದ್ದರು. ಆ ಬೆಳಿಗ್ಗೆ, ಬಡಗಿ ಕಟ್ಟಿದ ಹೊಸ ವೇದಿಕೆಯ ಮೆಟ್ಟಿಲನ್ನು ಮೂರು ಸಲ ಹತ್ತಿ ಅವನು ಪಟ್ಟಿ ಓದಿ ಅಭ್ಯಾಸ ಮಾಡಿದ್ದ. ಒಂದು ಹೆಸರು ತಪ್ಪಿದರೆ ವರ್ಷದ ಮುನಿಸು. ಹೋದ ವರ್ಷ ವಂದನೆ ಹೇಳಿದವನನ್ನು ಕೆಲವರು ಇನ್ನೂ ಮಾತನಾಡಿಸುತ್ತಿರಲಿಲ್ಲ.

ಗುರುಗಳು ಪಟ್ಟಿಯನ್ನು ನೋಡಲಿಲ್ಲ. ಕತೆ ಹೇಳಿದರು.

ಒಬ್ಬಳು ಮೊಸರು ಮಾರುತ್ತಿದ್ದಳು. ಅಪಘಾತದಲ್ಲಿ ಅವಳ ಒಂದು ಪಾದ ಹೋಯಿತು. ತಲೆಯ ಮೇಲೆ ಗಡಿಗೆ ಹೊತ್ತು ನಡೆದರೆ ಮಾತ್ರ ಅವಳ ಮನೆಯಲ್ಲಿ ಒಲೆ ಉರಿಯುತ್ತಿತ್ತು. ಅವಳು ಎರಕ ಹೊಯ್ಯುವವನೊಬ್ಬನ ಬಳಿಗೆ ಹೋಗಿ, ಹಗುರವಾದ ಪಾದವೊಂದನ್ನು ಮಾಡಿಕೊಡು ಎಂದಳು.

ಎರಕದವನು ಶುದ್ಧ ಲೋಹವನ್ನಲ್ಲದೆ ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಅಂಗಡಿಯ ಮುಂದೆ ಹಾಗೆಂದು ಬರೆಸಿಯೂ ಇದ್ದ. ಅಪ್ಪಟ ಅಲ್ಯೂಮಿನಿಯಂ ಕರಗಿಸಿ ಪಾದ ಎರೆದ. ಪಾದ ಬೆಳ್ಳಿಯ ಹಾಗೆ ಹೊಳೆಯಿತು. ಎಂಟನೆಯ ದಿನ ಬಾಗಿತು. ಗಡಿಗೆ ಬೀದಿಯ ನಡುವೆ ಒಡೆಯಿತು. ಶುದ್ಧತೆಗೆ ಮಾತ್ರ ಏನೂ ಆಗಿರಲಿಲ್ಲ.

ಎರಕದವನಿಗೆ ನಾಚಿಕೆಯಾಯಿತು. ಲೋಹದ ವರ್ತಕನನ್ನು ಕೇಳಿದ. ವರ್ತಕ ಮೆಗ್ನೀಸಿಯಂ ತುಂಡೊಂದನ್ನು ಕೊಟ್ಟು, ನೂರಕ್ಕೆ ಐದು ಪಾಲು ಬೆರೆಸು ಎಂದ. ತುಂಡು ಅಲ್ಯೂಮಿನಿಯಂಗಿಂತಲೂ ಹಗುರವಾಗಿತ್ತು. ಇಷ್ಟು ಹಗುರವಾದದ್ದು ಏನು ಬಲ ಕೊಟ್ಟೀತು ಎಂದುಕೊಂಡು ಎರಕದವನು ಅದನ್ನು ಮೂಸೆಗೆ ಎಸೆದ. ತುಂಡು ಕರಗಿದ ಲೋಹದ ಮೇಲೆ ತೇಲಿತು. ಕಣ್ಣು ಕೋರೈಸುವ ಹಾಗೆ ಉರಿದು ಬೂದಿಯಾಯಿತು. ಹೋಗುವಾಗ ಅವನ ಹುಬ್ಬನ್ನೂ ಒಯ್ದಿತು.

“ಲೋಹ ಕೇಳಿದರೆ ಪಟಾಕಿ ಕೊಟ್ಟಿರಲ್ಲ ಸಾಹುಕಾರರೇ” ಎಂದು ಅವನು ಹೋಗಿ ಜಗಳ ತೆಗೆದ.

“ಮೇಲೆ ಬಿಟ್ಟೆ, ಅದಕ್ಕೇ ಉರಿಯಿತು. ತಳಕ್ಕೆ ಅದುಮಿ ಹಿಡಿ. ಕರಗುವವರೆಗೂ ಕೈ ತೆಗೆಯಬೇಡ” ಎಂದು ವರ್ತಕ ಇನ್ನೊಂದು ತುಂಡು ಕೊಟ್ಟ.

ಎರಕದವನು ತೂತುಗಳಿದ್ದ ಕಬ್ಬಿಣದ ಬಟ್ಟಲಿಗೆ ಉದ್ದನೆಯ ಹಿಡಿ ಹಾಕಿದ. ಅದರೊಳಗೆ ತುಂಡನ್ನು ಸಿಕ್ಕಿಸಿ, ಬಟ್ಟಲನ್ನು ಬೋರಲಾಗಿ ಮೂಸೆಯ ತಳಕ್ಕೆ ಅದುಮಿ ಹಿಡಿದ. ತುಂಡು ಕರಗಿತು. ಅದರಿಂದ ಎರೆದ ಎರಡನೆಯ ಪಾದ ನೋಡಲು ಮೊದಲಿನ ಹಾಗೆಯೇ ಇತ್ತು. ಆದರೆ ಬಾಗಲಿಲ್ಲ. ಅವಳು ಹತ್ತೊಂಬತ್ತು ವರ್ಷ ಮೊಸರು ಮಾರಿದಳು.

ಕೊನೆಗೊಂದು ದಿನ ಗಡಿಗೆಯನ್ನು ಸೊಸೆಗೆ ಒಪ್ಪಿಸಿ, ಹೂವು ಹಿಡಿದು ಎರಕದವನ ಬಳಿಗೆ ಬಂದಳು. ಆ ತುಂಡಿನ ಸುದ್ದಿ ಅವಳ ಕಿವಿಗೂ ಬಿದ್ದಿತ್ತು.

“ಅಣ್ಣಾ, ಇಷ್ಟು ವರ್ಷ ನನ್ನನ್ನು ಹೊತ್ತದ್ದು ಅದಂತೆ. ಪಾದದಲ್ಲಿ ಅದು ಎಲ್ಲಿದೆ ತೋರಿಸು. ಹೂವಿಟ್ಟು ಕೈಮುಗಿಯುತ್ತೇನೆ.”

“ತೋರಿಸಲಾಗದು ತಂಗಿ. ಅದು ಕಾಣುವ ಹಾಗೆ ಉಳಿದಿದ್ದರೆ ನೀನು ಬೀಳುತ್ತಿದ್ದೆ.”

ಅವಳು ಇಡೀ ಪಾದಕ್ಕೆ ಹೂವಿಟ್ಟು ಕೈಮುಗಿದಳು.

ಕತೆ ಅಲ್ಲಿಗೆ ನಿಂತಿತು. ಮುರಿಗೆಪ್ಪ ಪಟ್ಟಿಯನ್ನು ಮುಂದೆ ಚಾಚಿ, ಹಾಗಾದರೆ ಇದರಲ್ಲಿ ಬಿಟ್ಟುಹೋದವರು ಯಾರು ಎಂದು ಕೇಳಿದ.

ಗುರುಗಳೆಂದರು: “ಬೆಳಿಗ್ಗೆ ಮೂರು ಸಲ ವೇದಿಕೆ ಹತ್ತಿದೆಯಲ್ಲ, ಮೆಟ್ಟಿಲು ಅಲುಗಾಡಿತೇನು?”