ಬಚ್ಚಲ ಗೋಡೆಯ ಎರಡು ಬೊಟ್ಟು

“ಗುರುಗಳೇ, ಗೋಡೆ ಕೊರೆಯುವ ಯಂತ್ರ ಕೊಳ್ಳುವಾಗ ಅಗ್ಗದ್ದನ್ನು ಕೊಳ್ಳಬೇಕೋ, ಬಾಳಿಕೆಯದನ್ನು ಕೊಳ್ಳಬೇಕೋ?” ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಶಾಂತವೀರ. ಮಠದ ದುರಸ್ತಿ ಅವನ ಪಾಲಿಗೆ ಬಂದಿತ್ತು. ಅಡುಗೆಮನೆಯಿಂದ ಕೊಳಕ್ಕೆ ಇಳಿಯುವ ಕಲ್ಲುಮೆಟ್ಟಿಲಿನ ಪಕ್ಕ, ಗೋಡೆಗೆ ಕಬ್ಬಿಣದ ಕಂಬಿ ಕೂರಿಸುವುದು ಮೊದಲ ಕೆಲಸ. ಅಡುಗೆಯ ನೀಲಮ್ಮನಿಗೆ ಈಚೆಗೆ ಕಣ್ಣು ಮಂಜು, ಕಾಲು ನಡುಕ. ಆದರೂ ದಿನಾ ಬೆಳಿಗ್ಗೆ ಪಾತ್ರೆ ತೊಳೆಯಲು ಅವಳೇ ಇಳಿಯಬೇಕು. ಕಂಬಿ ಬಂದು ಮೂಲೆಗೆ ಒರಗಿ ತುಕ್ಕು ಹಿಡಿಯತೊಡಗಿತ್ತು. ಶಾಂತವೀರ ಬೆಳಿಗ್ಗೆ ಪೇಟೆಗೆ ಹೋದರೆ ಮಧ್ಯಾಹ್ನದ ಪಂಕ್ತಿಯ ಹೊತ್ತಿಗೆ ಬರುತ್ತಿದ್ದ, ಕೈತುಂಬ ಅಂಗಡಿಗಳ ಬಣ್ಣದ ಹಾಳೆ ಹಿಡಿದುಕೊಂಡು.

ಗುರುಗಳು ಆ ಹಾಳೆಗಳನ್ನು ಈಸಿಕೊಂಡರು. ಒಂದರಿಂದ ಗಾಳಿ ಬೀಸಿಕೊಳ್ಳುತ್ತಾ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಯಾವ ಊರು ಅಂತ ಕೇಳಬೇಡ. ಕೇಳಿದರೆ ಸುಳ್ಳು ಹೇಳಬೇಕಾಗುತ್ತದೆ. ಅವನಿಗೊಬ್ಬ ಹೆಂಡತಿ. ಅವಳಿಗೆ ಮಂಡಿನೋವು. ಬಚ್ಚಲಿನಲ್ಲಿ ಕೂತರೆ ಏಳಲಾಗದು, ಎದ್ದರೆ ಕಲ್ಲು ಜಾರುತ್ತದೆ. ದಿನಾ ಬೆಳಿಗ್ಗೆ ದರ್ಜಿ ಬಾಗಿಲಲ್ಲಿ ನಿಂತು ಕೈ ಕೊಡುತ್ತಿದ್ದ, ಅವಳು ಹಿಡಿದುಕೊಂಡು ಏಳುತ್ತಿದ್ದಳು.

ಒಂದು ದಿನ ಅವಳು, “ನಿಮಗೂ ವಯಸ್ಸಾಯಿತು. ಇಲ್ಲೊಂದು ಹಿಡಿಕೆ ಹಾಕಿಸಿಬಿಡಿ” ಅಂದಳು. ಎಲ್ಲಿ ಹಾಕಬೇಕು ಅಂತ ಅವನು ಕೇಳಿದ. ಅವಳು ಹಣೆಯ ಬೊಟ್ಟನ್ನು ಕಿತ್ತು ತನ್ನ ಕೈ ನಿಲುಕುವ ಕಡೆ ಗೋಡೆಗೆ ಅಂಟಿಸಿದಳು. ಹಿಡಿಕೆಯ ಇನ್ನೊಂದು ತುದಿಗೆ ಅಂತ ಇನ್ನೊಂದು ಬೊಟ್ಟು ತರಿಸಿ ಅಂಟಿಸಿದಳು. “ಇಲ್ಲಿಗೆ, ಇಲ್ಲಿಗೆ. ನಿಮ್ಮ ಟೇಪು ತರಬೇಡಿ, ಇದೇ ಅಳತೆ” ಅಂದಳು.

ದರ್ಜಿ ಯಂತ್ರದ ಅಂಗಡಿಗೆ ಹೋದ.

“ಎಷ್ಟು ತೂತು ಕೊರೆಯಬೇಕು ಯಜಮಾನರೇ?” ಎಂದು ಅಂಗಡಿಯವನು ಕೇಳಿದ.

“ಎರಡು.”

“ಎರಡಕ್ಕೆ ಯಂತ್ರ ಯಾಕೆ? ಯಾರನ್ನಾದರೂ ಕರೆಸಿ, ಟೀ ಆರುವುದರೊಳಗೆ ಮುಗಿಸಿ ಹೋಗುತ್ತಾನೆ. ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇಸಿದುಕೊಳ್ಳಿ.”

ಇಂಥ ಅಂಗಡಿಯವನು ಇರುತ್ತಾನೆ ಅಂದರೆ ನೀನು ನಂಬುವುದಿಲ್ಲ. ನಾನೂ ನಂಬುವುದಿಲ್ಲ. ಆದರೆ ಕತೆಗೆ ಬೇಕು, ಇರಲಿ ಬಿಡು.

ದರ್ಜಿ ಒಪ್ಪಲಿಲ್ಲ. ದರ್ಜಿಗಳು ತಮ್ಮ ಕತ್ತರಿಯನ್ನು ಯಾರಿಗೂ ಕೊಡುವುದಿಲ್ಲ, ನಿನಗೆ ಗೊತ್ತಿರಬಹುದು. ಕಾಗದ ಕತ್ತರಿಸಲು ಕೇಳಿದರಂತೂ ಮುಖ ತಿರುಗಿಸುತ್ತಾರೆ. ಕತ್ತರಿಗೆ ಒಂದೇ ಕೈ ಎಂಬುದು ಅವರ ಲೆಕ್ಕ. ತನ್ನದನ್ನು ಕೊಡದವನು ಇನ್ನೊಬ್ಬರದನ್ನು ಮುಟ್ಟುವುದು ಹೇಗೆ? ಎದುರುಮನೆಯ ಹಾಲಿನವನ ಹತ್ತಿರ ಒಂದು ಯಂತ್ರವಿತ್ತು. ಅವನೇ ಬಾಗಿಲಿಗೆ ಬಂದು, “ತಗೊಳ್ಳಿ ಮಾರಾಯರೇ, ಸುಮ್ಮನೆ ಬಿದ್ದಿದೆ” ಅಂದ. ದರ್ಜಿ ಕೈ ಮುಗಿದು ವಾಪಸು ಕಳಿಸಿದ.

ಅಲ್ಲಿಂದ ಶುರುವಾಯಿತು. ಅಗ್ಗದ ಯಂತ್ರ ನೋಡಿದ. ಇಟ್ಟಿಗೆಗೆ ಸರಿ, ಕಲ್ಲಿಗೆ ಬಿಸಿಯಾಗಿ ಸುಡುತ್ತದೆ ಅಂದರು. ಕಲ್ಲನ್ನು ಬಡಿದು ಕೊರೆಯುವುದನ್ನು ನೋಡಿದ, ಬೆಲೆ ಹೆಚ್ಚು. ಬ್ಯಾಟರಿಯದನ್ನು ನೋಡಿದ, ಬ್ಯಾಟರಿ ಸತ್ತರೆ ಯಂತ್ರವೂ ಸತ್ತಂತೆ ಅಂದರು. ಒಂದಕ್ಕೆ ಗ್ಯಾರಂಟಿ ಇತ್ತು, ರಿಪೇರಿಯವನಿರಲಿಲ್ಲ. ಒಂದಕ್ಕೆ ರಿಪೇರಿಯವನಿದ್ದ, ಗ್ಯಾರಂಟಿ ಇರಲಿಲ್ಲ. ಎರಡು ತೂತಿಗೆ ಇಷ್ಟು ಬೆಲೆಯೇ ಅನ್ನಿಸಿತು. ಬೆಲೆ ಇಳಿಸಲಾಗದವನು ಕೆಲಸ ಬೆಳೆಸುತ್ತಾನೆ ನೋಡು. ಅಡುಗೆಮನೆಗೆ ಹಲಗೆ ಹೊಡೆಯೋಣ, ನಡುಮನೆಗೆ ಹೊಸ ನೆಲ ಹಾಸೋಣ, ಬಾಗಿಲು ಉಜ್ಜಿ ಬಣ್ಣ ಬಳಿಯೋಣ ಅಂದುಕೊಂಡ. ಹಾಗಾದರೆ ಯಂತ್ರಕ್ಕೆ ಕೊಟ್ಟದ್ದು ದಂಡವಲ್ಲ. ಆದರೆ ನೆಲಕ್ಕೆ ಕೊಯ್ಯುವ ಯಂತ್ರ ಬೇಕು, ಬಾಗಿಲಿಗೆ ಉಜ್ಜುವ ಯಂತ್ರ ಬೇಕು. ಅವನ್ನೂ ನೋಡತೊಡಗಿದ.

ಬೆಳಿಗ್ಗೆ ಅಂಗಡಿಗಳಲ್ಲಿ ಜನ ಕಡಿಮೆ, ಸಮಾಧಾನವಾಗಿ ತೋರಿಸುತ್ತಾರೆ. ಹಾಗಾಗಿ ಬೆಳಿಗ್ಗೆಯೇ ಹೋಗುತ್ತಿದ್ದ. ಅವನು ಬರುವವರೆಗೆ ಹೆಂಡತಿ ಸ್ನಾನಕ್ಕೆ ಕಾಯುತ್ತಿದ್ದಳು. ಕೆಲವು ದಿನ ಕಾಯುತ್ತಿರಲಿಲ್ಲ. ಬಕೆಟ್ಟಿನ ಅಂಚು ಹಿಡಿದು ಏಳುವುದನ್ನು ಕಲಿತಿದ್ದಳು.

ಕೊನೆಗೆ ನವರಾತ್ರಿಯ ರಿಯಾಯಿತಿಯಲ್ಲಿ ಬಹಳ ಒಳ್ಳೆಯ ಯಂತ್ರವೊಂದು ಸಿಕ್ಕಿತು. ಕಲ್ಲನ್ನು ಬೆಣ್ಣೆಯಂತೆ ಕೊರೆಯುವಂಥದ್ದು, ಪೂರ್ತಿ ವರ್ಷದ ಗ್ಯಾರಂಟಿ. ತಂದವನೇ ಹೊಲಿಗೆಯಂತ್ರದ ಪಕ್ಕ ಇಟ್ಟ.

“ಈಗಲೇ ಹಾಕಿಬಿಡಬಹುದಲ್ಲವಾ” ಅಂದಳು ಹೆಂಡತಿ.

“ಹೊಸ ಆಯುಧ. ಆಯುಧಪೂಜೆ ಇಷ್ಟು ಹತ್ತಿರ ಇಟ್ಟುಕೊಂಡು, ಪೂಜೆ ಆಗದೆ ಚಾಲೂ ಮಾಡುವುದೇ?”

“ಆಗಲಿ. ಹೂವು ತರುವಾಗ ನನ್ನ ಮಂಡಿಗೂ ಒಂದು ಮೊಳ ತನ್ನಿ. ಅದನ್ನೂ ಹಾಗೇ ಕೂರಿಸಿ ಪೂಜೆ ಮಾಡಿ.”

ಇಬ್ಬರೂ ನಕ್ಕರು. ಆ ಮನೆಯಲ್ಲಿ ಆಮೇಲೆ ನಕ್ಕದ್ದು ಯಾರೂ ಕೇಳಲಿಲ್ಲ.

ಪೂಜೆಯ ದಿನ ಬೆಳಿಗ್ಗೆ ದರ್ಜಿ ಯಂತ್ರಕ್ಕೆ ಹೂವು ತರಲು ಹೋದ. ಹಬ್ಬವಲ್ಲವೇ, ಹೆಂಡತಿ ತಲೆಗೆ ನೀರು ಹಾಕಿಕೊಳ್ಳಬೇಕು. ಕಾಯಲಿಲ್ಲ. ಅವನು ಬಂದಾಗ ಬಚ್ಚಲಿನಲ್ಲಿ ನಲ್ಲಿ ಹರಿಯುತ್ತಿತ್ತು. ಅವಳು ಗೋಡೆಯ ಕಡೆ ಕೈ ಚಾಚಿಕೊಂಡು ಬಿದ್ದಿದ್ದಳು.

ಸೊಂಟದ ಮೂಳೆ. ಆಸ್ಪತ್ರೆಯಿಂದ ಮಂಚಕ್ಕೆ ಬಂದಳು, ಮಂಚದಿಂದ ಏಳಲಿಲ್ಲ. ಅವರೆಕಾಯಿ ಕಾಲ ಬರುವ ಮೊದಲೇ ಹೋದಳು. ದರ್ಜಿ ಅವಳಿಗೆ ಹೂವು ತಂದದ್ದು ಆಗ.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಹಬ್ಬವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಯಂತ್ರ ಚಾಲೂ ಮಾಡುವಂತಿಲ್ಲ. ಪೆಟ್ಟಿಗೆ ಹಾಗೇ ಇತ್ತು. ಗ್ಯಾರಂಟಿ ಅದರೊಳಗೇ ಮುಗಿಯಿತು. ವರ್ಷಾಂತಿಕ ಕಳೆದ ಮೇಲೆ ಬಂದ ಆಯುಧಪೂಜೆಗೆ ದರ್ಜಿ ಅದನ್ನು ಹೊರಗೆ ತೆಗೆದ. ಕುಂಕುಮ ಹಚ್ಚಿದ, ಹೂವಿಟ್ಟ, ಮರುದಿನ ಬಚ್ಚಲಿಗೆ ಹೋದ. ಹಿಡಿಕೆಯೂ ಜೊತೆಗಿತ್ತು. ಯಾರು ಹಿಡಿದುಕೊಳ್ಳಲು ಅಂತ ನೀನು ಕೇಳಬಹುದು. ಅವನೂ ಕೇಳಿಕೊಂಡಿರಬೇಕು. ಆದರೂ ಹೋದ.

ಗುಂಡಿ ಒತ್ತಿದ. ಯಂತ್ರ ಒಂದೇ ಸಲಕ್ಕೆ ತಿರುಗಿತು. ಅದರಲ್ಲಿ ಒಂದೂ ಕೊರತೆ ಇರಲಿಲ್ಲ.

ಆದರೆ ಕೊರೆಯಬೇಕಾದ ಜಾಗದಲ್ಲಿ ಅವಳ ಬೊಟ್ಟು ಇತ್ತು. ಮೊನೆಯನ್ನು ಅದರ ಹತ್ತಿರ ತಂದು ನಿಂತ. ಮನೆಯೆಲ್ಲ ಗುಂಯ್ ಅನ್ನುತ್ತಿತ್ತು. ಆಮೇಲೆ ಆರಿಸಿಬಿಟ್ಟ.

ಆವತ್ತಿನಿಂದ ಅವನು ಯಂತ್ರವನ್ನು ಬಾಗಿಲ ಹೊರಗಿನ ಕಟ್ಟೆಯ ಮೇಲೆ ಇಟ್ಟ. ಕೇಳಿದವರಿಗೆ ಕೊಟ್ಟ. ಕೇಳದವರ ಮನೆಗೂ ಹೋಗಿ, “ವಯಸ್ಸಾದವರು ಇದ್ದಾರಾ? ಬಚ್ಚಲಲ್ಲಿ ಹಿಡಿಕೆ ಇದೆಯಾ?” ಅಂತ ವಿಚಾರಿಸಿದ. ಕತ್ತರಿಯನ್ನೂ ಕೊಡತೊಡಗಿದ ಅಂತ ಒಮ್ಮೆ ಯಾರಿಗೋ ಹೇಳಿದ್ದೆ, ಅದು ನಾನು ಸೇರಿಸಿದ್ದು. ಬೀದಿಯಲ್ಲಿ ಹಿಡಿಕೆ ಇಲ್ಲದ ಬಚ್ಚಲು ಉಳಿಯಲಿಲ್ಲ ಎಂಬುದು ಮಾತ್ರ ನಿಜ. ಅವನದೊಂದನ್ನು ಬಿಟ್ಟು. ಅಲ್ಲಿ ಎರಡು ಬೊಟ್ಟು ಹಾಗೇ ಇವೆ. ಬಣ್ಣ ಹೋಗಿದೆ, ಅಂಟು ಹೋಗಿಲ್ಲ. ಅವನಿಗೂ ಈಗ ಮಂಡಿನೋವು. ಬಕೆಟ್ಟಿನ ಅಂಚು ಹಿಡಿದು ಏಳುತ್ತಾನೆ.

ಗುರುಗಳು ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿದರು.

ಶಾಂತವೀರ ಬಹಳ ಹೊತ್ತು ಯೋಚಿಸಿದ. ಕತೆಯಲ್ಲಿ ತನ್ನ ಪ್ರಶ್ನೆಗೆ ಉತ್ತರ ಎಲ್ಲಿದೆ ಎಂದು ಹುಡುಕಿದ. ಸಿಕ್ಕಿತು ಅನ್ನಿಸಿತು.

“ಅಂದರೆ ಗುರುಗಳೇ, ಬೆಲೆ ಹೆಚ್ಚಾದರೂ ಬಾಳಿಕೆಯದೇ ಒಳ್ಳೆಯದು, ಅಲ್ಲವೇ? ವರ್ಷ ಬಿಟ್ಟು ತೆಗೆದರೂ ಒಂದೇ ಸಲಕ್ಕೆ ತಿರುಗಿತಲ್ಲ. ಯಾವ ಕಂಪನಿಯದು ಅಂತ ಗೊತ್ತಾದರೆ ನಾಳೆ ಬೆಳಿಗ್ಗೆಯೇ ಹೋಗಿ ನೋಡಿಬರುತ್ತೇನೆ.”

ಗುರುಗಳು ಬಣ್ಣದ ಹಾಳೆಗಳನ್ನು ಮಡಚಿ ಅವನ ಕೈಗಿಟ್ಟರು.

“ಇವತ್ತು ಬೆಳಿಗ್ಗೆ ನೀನು ಅಂಗಡಿಯಲ್ಲಿದ್ದಾಗ, ನೀಲಮ್ಮ ಏನನ್ನು ಹಿಡಿದುಕೊಂಡು ಮೆಟ್ಟಿಲಿಳಿದಳು?”